ಹೈಡ್ರೋಫೋನ್ ಕೆಟ್ಟಿಲ್ಲ

ದೋಣಿಯ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಆಗಿತ್ತು. ನೀರೊಳಗಿನ ಸದ್ದು ಹಿಡಿಯುವ ಮೈಕ್, ಅಂದರೆ ಹೈಡ್ರೋಫೋನನ್ನು ಹನ್ನೆರಡು ಮೀಟರ್ ಕೆಳಗೆ ಇಳಿಸಿ ಹೆಡ್‌ಫೋನ್ ಹಾಕಿಕೊಂಡೆ. ತಿಮಿಂಗಿಲ ಹಾಡುತ್ತೇನೋ ಅನ್ನೋ ಆಸೆ. ಕೇಳಿಸಿದ್ದು ಬರೀ ಚಟಪಟ. ಒಣ ಸೌದೆಗೆ ಬೆಂಕಿ ಹತ್ತಿದ ಹಾಗೆ, ಬಿಡುವೇ ಇಲ್ಲ.

"ಸರ್, ಕನೆಕ್ಷನ್ ಲೂಸ್ ಆಗಿದೆ ಅನ್ಸುತ್ತೆ" ಎಂದೆ. ಪ್ಲಗ್ ಕಿತ್ತು, ಒರೆಸಿ, ಮತ್ತೆ ಹಾಕಿದೆ. ಅದೇ ಸದ್ದು.

"ಹೈಡ್ರೋಫೋನ್ ಕೆಟ್ಟಿಲ್ಲ ಕಣಪ್ಪ. ಅದು ಸಿಗಡಿ" ಎಂದು ನಮ್ಮ ಹಿರಿಯರು ನಕ್ಕರು.

ಬೆರಳುದ್ದದ ಒಂದು ಜಾತಿಯ ಸಿಗಡಿ ಅದು. ಅದಕ್ಕೆ ಇಕ್ಕಳದಂಥ ಒಂದು ದೊಡ್ಡ ಕೈ ಇರುತ್ತದೆ. ಅದನ್ನು ಪಟ್ಟನೆ ಮುಚ್ಚಿದಾಗ ನೀರು ಎಷ್ಟು ಜೋರಾಗಿ ಚಿಮ್ಮುತ್ತದೆ ಅಂದರೆ, ಅಲ್ಲೊಂದು ಗುಳ್ಳೆ ಹುಟ್ಟುತ್ತದೆ. ಆ ಗುಳ್ಳೆ ಕುಸಿದಾಗ ಬರುವುದೇ ಈ ಸದ್ದು. ಇಕ್ಕಳದ ಎರಡು ತುದಿ ಬಡಿದುಕೊಂಡ ಸದ್ದಲ್ಲ ಅನ್ನುವುದು 2000ರಲ್ಲಿ ವೇಗದ ಕ್ಯಾಮೆರಾದಿಂದ ಗೊತ್ತಾಯಿತು. ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್‌ಗಾಗಿ ಕಿವಿಗೊಟ್ಟು ಕೂತವರಿಗೂ ಇದೇ ಚಟಪಟ ಕಾಟ ಕೊಟ್ಟಿತ್ತಂತೆ. ನನ್ನ ಮರ್ಯಾದೆ ಸ್ವಲ್ಪ ಉಳಿಯಿತು.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರೋಗ್ರಾಮ್ ತೆರೆದೆವು. ಇದು ಸದ್ದಿನ ಚಿತ್ರ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ಥಾಯಿ. ತಳದಲ್ಲಿ, 20 ಹರ್ಟ್ಸ್ ಹತ್ತಿರ, ಒಂದು ದಪ್ಪ ಗೆರೆ ಕಂಡಿತು. ನನ್ನ ಎದೆ ಹೊಡೆದುಕೊಂಡಿತು. ಫಿನ್ ತಿಮಿಂಗಿಲ ಕೂಗುವುದು ಅಲ್ಲೇ ಅಲ್ವಾ!

ಹಿರಿಯರು ಕೇಬಲ್ಲನ್ನು ಕೈಯಲ್ಲಿ ಹಿಡಿದರು. ಗೆರೆ ಮಾಯವಾಯಿತು. ಬಿಟ್ಟರೆ ಮತ್ತೆ ಬಂತು. ನೀರಿನ ಹರಿವಿಗೆ ಕೇಬಲ್ಲೇ ತಂತಿಯಂತೆ ಮಿಡಿಯುತ್ತಿತ್ತು. ಫಿನ್ ತಿಮಿಂಗಿಲವಾಗಿದ್ದರೆ ಸುಮಾರು ಒಂದೊಂದು ಸೆಕೆಂಡಿನ ತುಂಡು ತುಂಡು ಗುರುತುಗಳು ಸಾಲಾಗಿ ಬರಬೇಕಿತ್ತು. ಇದು ಎಲ್ಲೂ ಕಡಿಯದ ಗೆರೆ. ರಬ್ಬರ್ ಹಗ್ಗ ಕಟ್ಟಿ, ಒಂದು ತೇಲುಬುಂಡೆ ಸೇರಿಸಿದ ಮೇಲೆ ಮಿಡಿತ ಬಹಳ ಕಡಿಮೆಯಾಯಿತು.

ನಡುವೆ ಒಂದು ಹಡಗಿನ ಗುಡುಗುಡು ಕೇಳಿತು. ತಲೆ ಎತ್ತಿ ಸುತ್ತ ನೋಡಿದರೆ ಹಡಗೇ ಇಲ್ಲ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಬಹಳ ದೂರದವರೆಗೂ ಹೆಚ್ಚು ಸವೆಯದೆ ಬರುತ್ತದೆ. ಯಾವ ದಿಕ್ಕಿನಿಂದ ಬಂತು ಅಂತ ಒಂದೇ ಹೈಡ್ರೋಫೋನ್ ಹೇಳುವುದಿಲ್ಲ. ಸಂಜೆ ತುಂತುರು ಬಿದ್ದಾಗಂತೂ ಸಿಗಡಿಗಳ ಮೇಲೆಲ್ಲ ಒಂದು ಸುಯ್ ಸದ್ದು ಹರಡಿಕೊಂಡಿತು. ಆ ದಿನ ನನಗೆ ತುಂಬಾ ಇಷ್ಟವಾದ ಸದ್ದು ಅದೇ.

ತಿಮಿಂಗಿಲ ಸಿಗಲಿಲ್ಲ. ಮೀನು ಸಿಕ್ಕಿತು ಅಂದುಕೊಂಡೆ. ಎಷ್ಟೋ ಜಾತಿಯ ಮೀನುಗಳು ಒಳಗಿನ ಗಾಳಿಚೀಲವನ್ನೇ ಡೋಲಿನಂತೆ ಬಾರಿಸುತ್ತವೆ. ವಾಪಸ್ ಬಂದು ಎರಡು ದಿನ ಕೂತು ರೆಕಾರ್ಡಿಂಗ್ ಕೇಳಿದೆ. ಅಂಥ ಡಬ್ ಡಬ್ ಒಂಬತ್ತು ಕಡೆ ಸಿಕ್ಕಿತು. ಎಲ್ಲದರ ಸಮಯ ಬರೆದಿಟ್ಟೆ.

ಮೂರನೇ ದಿನ ಆ ಪಟ್ಟಿಯನ್ನು ದೋಣಿಯಲ್ಲಿ ಬರೆದಿದ್ದ ನೋಟ್‌ಬುಕ್ ಜೊತೆ ಇಟ್ಟು ನೋಡಿದೆ. 4:10, ಮೀನು. ನೋಟ್‌ಬುಕ್ಕಿನಲ್ಲಿ 4:10, 'ಕೇಬಲ್ ನೋಡಿ ಬಂದೆ'. 4:35, ಮೀನು. 4:35, 'ಕೇಬಲ್ ನೋಡಿ ಬಂದೆ'. ಮರದ ಹಲಗೆಯ ಮೇಲೆ ನನ್ನ ಚಪ್ಪಲಿ!

ಒಂಬತ್ತರಲ್ಲಿ ಐದು ಹೊಡೆದುಹಾಕಿದೆ. ಮುಂದಿನ ಸಲ ಬರಿಗಾಲಲ್ಲಿ ಹೋದೆ.