ಬೀದರ್‌ಗೆ ಹೊಂಟ್ರ ಸುರಂಗ ಬಾವಿ ಬಿಟ್ಟು ಬರಬ್ಯಾಡ್ರಿ

ಬೀದರ್ ಕೋಟಿ ನೋಡೋರು ಭಾಳ ಮಂದಿ, ಆದ್ರ ಇಷ್ಟು ಎತ್ತರದಾಗಿನ ಊರಿಗೆ ಆಗಿನ ಕಾಲದಾಗ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು ಅಂತ ಕೇಳೋರು ಕಡಿಮಿ. ನಾನೂ ಎರಡು ಸಲ ಹೋಗಿ ಕೇಳಿರಲಿಲ್ಲ. ಈ ಸಲ ಜೋಡಿಗೆ ಕಾಕಾ ಇದ್ರು, ಬೋರ್‌ವೆಲ್ ಪಾಯಿಂಟ್ ನೋಡೋ ಮನುಷ್ಯಾ, ಅವರ ಹಠಕ್ಕ ಸುರಂಗ ಬಾವಿ ಇರೋ ನೌಬಾದ್ ಕಡಿ ಹೋದ್ವಿ.

ಕಲಬುರಗಿಯಿಂದ ಸುಮಾರು 110 ಕಿ.ಮೀ. ಆಗ್ತದ. 2017ರಾಗ ರೈಲ್ವೆ ಲೈನ್ ಶುರು ಆಗ್ಯದ, ಆದ್ರ ನಾವು ಬಸ್ಸಿಗೇ ಹೋದ್ವಿ, ಯಾಕಂದ್ರ ಹಾದಿಯಾಗ ಕಮಲಾಪುರ ಬರ್ತದ, ಅಲ್ಲಿ ಕೆಂಪು ಬಾಳಿಹಣ್ಣು ತಗೋಬೇಕಿತ್ತು.

ನನ್ನ ಕೇಳಿದ್ರ ಮೊದಲು ಕೋಟಿ ಕಂದಕದ ಹಂತ್ಯಾಕ ನಿಂತು ಆ ಕೆಂಪು ಜಂಬಿಟ್ಟಿಗೆ ಕಲ್ಲು ಛಂದಾಗಿ ನೋಡ್ರಿ. ತುಂಬ ತೂತು ತೂತು. ಮಳಿ ನೀರು ಅದರಾಗ ಇಳೀತದ, ಕೆಳಗ ಕರಿ ಕಲ್ಲಿನ ಪದರ ಬಂದ್ರ ಅಲ್ಲೇ ತಡೀತದ, ಮತ್ತ ಗುಡ್ಡದ ಅಂಚಿನಾಗ ಝರಿ ಆಗಿ ಹೊರಗ ಬರ್ತದ. ನಾನಕ್ ಝರಾ, ನರಸಿಂಹ ಝರಣಿ ಎಲ್ಲಾ ಇದೇ ಕಥಿ.

ಬಹಮನಿ ಸುಲ್ತಾನರು 15ನೇ ಶತಮಾನದಾಗ ನಮ್ಮ ಕಲಬುರಗಿ ಬಿಟ್ಟು ಬೀದರ್‌ಗೆ ರಾಜಧಾನಿ ಒಯ್ದ್ರು, ಇರಾನ್ ಕಡಿ ಮಂದಿ ಜೋಡಿ ಅಲ್ಲಿನ ಕರೇಜ್, ಅಂದ್ರ ಸುರಂಗ ಬಾವಿ ತೋಡೋ ವಿದ್ಯಾನೂ ಬಂತು. ಮೊದಲು ನೀರು ಸಿಗೋ ಕಡಿ ತಾಯಿ ಬಾವಿ, ಅಲ್ಲಿಂದ ನೆಲದೊಳಗ ಸ್ವಲ್ಪ ಸ್ವಲ್ಪ ಇಳಿಜಾರಿನ ಸುರಂಗ, ನಡುನಡುವ ಮ್ಯಾಲಿಂದ ಬಾವಿಹಂಗ ತೂತು, ಅದು ಮಣ್ಣು ಎತ್ತಲಿಕ್ಕೂ ಬೇಕು ಗಾಳಿಗೂ ಬೇಕು. ಪಂಪ್ ಇಲ್ಲ ಏನಿಲ್ಲ, ನೀರು ತಾನೇ ಹರೀತದ, ಬಿಸಲಿಗೆ ಆರೂದಿಲ್ಲ. ಬೀದರಿನಾಗ ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಅಂತ ಮೂರು ಅವ.

ಆಟೋದವರಿಗೆ ಕರೇಜ್ ಅಂದ್ರ ಮಾರಿ ನೋಡಿದ್ರು, ಸುರಂಗ ಬಾವಿ ಅಂದಕೂಡ್ಲೇ "ಅದಾ, ಕೂಡ್ರಿ" ಅಂದ್ರು. ಹೋಗೋ ಬರೋ ಬಾಡಿಗಿ ಮೊದಲೇ ಮಾತಾಡ್ರಿ, ವಾಪಸ್ ಬರಲಿಕ್ಕೆ ನಮಗ ಅರ್ಧಾ ತಾಸು ಗಾಡೀನೇ ಸಿಗಲಿಲ್ಲ.

ಹೊರಗ ಬಿಸಲು ಸುಡ್ತಿತ್ತು. ಒಂದು ತೂತಿನ ಬಾಯಿಗೆ ಕಾಕಾ ಅಂಗೈ ಹಿಡಿದು, "ಬಾ ಇಲ್ಲಿ, ಕೈ ಇಡು" ಅಂದ್ರು. ತಂಪು, ಹಸಿ ಮಣ್ಣಿನ ವಾಸನಿ, ಕೆಳಗ ಎಲ್ಲೋ ತಟಕ್ ತಟಕ್ ನೀರಿನ ಸಪ್ಪಳ. ಮೊಬೈಲ್ ಟಾರ್ಚ್ ಬಿಟ್ರ ಗ್ವಾಡಿ ಮ್ಯಾಲ ಹಾರಿಯಿಂದ ಕಡಿದಂಥ ಗೀರು ಕಂಡ್ವು. "ನಾವು ನೂರಾರು ಫೂಟ್ ಕೊರೆದ್ರೂ ಧೂಳೇ ಬರ್ತದಲೇ" ಅಂದು ಸುಮ್ಮನಾದ್ರು.

ಮಳಿಗಾಲ ಮುಗಿದ ಮ್ಯಾಲ, ಅಕ್ಟೋಬರ್ ನವೆಂಬರ್‌ನಾಗ, ಮುಂಜಾನೆ ಹೋಗ್ರಿ. ಹುಡುಗ್ರು ಇದ್ರ ಕೈ ಬಿಡಬ್ಯಾಡ್ರಿ, ಹುಲ್ಲು ಬೆಳೆದು ಕೆಲವು ಬಾಯಿ ಕಾಣಂಗೇ ಇಲ್ಲ. ಸುರಂಗದೊಳಗ ಇಳಿಯೋ ಹುಚ್ಚು ಸಾಹಸ ಬ್ಯಾಡೇ ಬ್ಯಾಡ. ಬಿಳಿ ಪ್ಯಾಂಟೂ ಬ್ಯಾಡ, ಆ ಕೆಂಪು ಮಣ್ಣು ಹತ್ತಿದ್ರ ಮೂರು ಸಲ ಒಗೆದ್ರೂ ಹೋಗೂದಿಲ್ಲ. ಮಧ್ಯಾಹ್ನ ಊಟಕ್ಕ ನಾನಕ್ ಝರಾ ಗುರುದ್ವಾರದ ಲಂಗರ್‌ಗೆ ಹೋದ್ವಿ, ತಲಿಗೆ ಕಟ್ಟಲಿಕ್ಕೆ ಒಂದು ಕರ್ಚೀಫ್ ಇಟ್ಕೋರಿ. ಅಲ್ಲಿ ಝರಾದ ನೀರು ಕುಡಿದು ಕಾಕಾ ಖಾಲಿ ಬಾಟಲಿ ತುಂಬ್ಕೊಂಡೇ ಬಸ್ ಹತ್ತಿದ್ರು.