ಟೀ ರೂಮಿನ ಕಾರ್ಡುಗಳ ಕಟ್ಟು ಬಿಚ್ಚುವ ದಿನ

ಇಂಗ್ಲೆಂಡಿನಿಂದ ಬಂದ ಹಳೆಯ ಪೋಸ್ಟ್‌ಕಾರ್ಡುಗಳ ಕಟ್ಟು ಬಿಚ್ಚುವುದಕ್ಕೆ ಹಗಲು ಹೊತ್ತೇ ಆಗಬೇಕು. ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಬಿಳಿ ಹಾಳೆ ಹಾಸಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಸ್ಕೇಲು, ನೇರಳಾತೀತ ಬೆಳಕು ಬೀರುವ ಚಿಕ್ಕ ಯುವಿ ಟಾರ್ಚು ಇಟ್ಟುಕೊಂಡರೆ ಸಾಕು. ಕೈ ತೊಳೆದು ಪೂರ್ತಿ ಒರೆಸಿಕೊಂಡಿರಬೇಕು. ಈ ಸಲದ ಕಟ್ಟಿನಲ್ಲಿರುವುದೆಲ್ಲ ಟೀ ರೂಮುಗಳೇ: ಲಯನ್ಸ್ ಎಂಬ ಟೀ ಅಂಗಡಿ ಕಂಪನಿಯ ಲಂಡನ್ನಿನ ಕಾರ್ನರ್ ಹೌಸ್, ಹಳ್ಳಿ ಮನೆಯ ಹಿತ್ತಲಲ್ಲಿ ಹಾಕಿದ ಟೀ ಮೇಜುಗಳು, ಊರಿನ ಹೆಸರೇ ಇಲ್ಲದ ಒಂದಷ್ಟು ಒಳಾಂಗಣಗಳು.

ಚಿತ್ರ ಎಷ್ಟೇ ಸೆಳೆದರೂ ಮೊದಲು ನೋಡಬೇಕಾದದ್ದು ಕಾರ್ಡಿನ ಬೆನ್ನು. ಬ್ರಿಟನ್ನಿನಲ್ಲಿ 1902ರವರೆಗೆ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಬರೆಯುವುದಿದ್ದರೆ ಚಿತ್ರದ ಪಕ್ಕದ ಖಾಲಿ ಜಾಗದಲ್ಲೇ ಬರೆಯಬೇಕಿತ್ತು. ಆ ವರ್ಷ ಬೆನ್ನಿನ ನಡುವೆ ಗೆರೆ ಎಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯಲು ಅಂಚೆ ಇಲಾಖೆ ಒಪ್ಪಿತು. ಅಮೆರಿಕಕ್ಕೆ ಈ ಪದ್ಧತಿ ಬಂದದ್ದು 1907ರಲ್ಲಿ. ಆಮೇಲೆ ಅಂಚೆ ದರ. 1918ರ ಜೂನ್‌ವರೆಗೆ ಒಳನಾಡಿನ ಕಾರ್ಡಿಗೆ ಅರ್ಧ ಪೆನ್ನಿ, ಅಲ್ಲಿಂದ ಒಂದು ಪೆನ್ನಿ. 1921ರಲ್ಲಿ ಒಂದೂವರೆ ಪೆನ್ನಿಗೆ ಏರಿ, ಮರುವರ್ಷವೇ ಒಂದಕ್ಕೆ ಇಳಿದು, 1940ರವರೆಗೆ ಹಾಗೇ ಉಳಿಯಿತು. ಹಾಗಾಗಿ ಮುದ್ರೆಯ ವರ್ಷ ಅಳಿಸಿಹೋಗಿ, ಒಂದೂವರೆ ಪೆನ್ನಿಯ ಅಂಚೆಚೀಟಿ ಕಂಡರೆ ಕಾರ್ಡು ಆ ಒಂದು ವರ್ಷದ್ದಿರಬಹುದು ಎಂದು ಊಹಿಸಬಹುದು. ಹೊರದೇಶಕ್ಕೆ ಹೋದ ಕಾರ್ಡಿನ ದರ ಬೇರೆ, ಅದಕ್ಕೇ ವಿಳಾಸವನ್ನೂ ಜೊತೆಗೇ ಓದಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಅಂಚೆ ಮುದ್ರೆ ಕಾರ್ಡು ರವಾನೆಯಾದ ದಿನವನ್ನು ಹೇಳುತ್ತದೆಯೇ ಹೊರತು ಚಿತ್ರ ತೆಗೆದ ದಿನವನ್ನಲ್ಲ. ಫ್ರಿತ್, ವ್ಯಾಲೆಂಟೈನ್‌ನಂಥ ದೊಡ್ಡ ಪ್ರಕಾಶಕರು ಒಂದೇ ನೆಗೆಟಿವ್‌ನಿಂದ ವರ್ಷಗಟ್ಟಲೆ ಕಾರ್ಡು ಮಾಡಿ ಮಾರುತ್ತಿದ್ದರು. ಮುದ್ರೆಯಿಂದ ಸಿಗುವುದು ಮೇಲಿನ ಮಿತಿ ಮಾತ್ರ, ಅಂದರೆ ಚಿತ್ರ ಆ ದಿನಕ್ಕಿಂತ ಈಚಿನದಲ್ಲ ಎಂಬುದು. ಕೆಳಗಿನ ಮಿತಿಯನ್ನು ಚಿತ್ರದೊಳಗೇ ಹುಡುಕಬೇಕು.

ಈ ಕಟ್ಟಿನ ಅನಾಮಧೇಯ ಕಾರ್ಡೊಂದನ್ನೇ ತೆಗೆದುಕೊಳ್ಳಿ. ಬೆನ್ನಲ್ಲಿ ಏಳನೇ ಎಡ್ವರ್ಡ್ ದೊರೆಯ ಹಸಿರು ಅರ್ಧ ಪೆನ್ನಿ ಚೀಟಿ, 1908ರ ಮುದ್ರೆ. ಮುಂದೆ ಉದ್ದನೆಯ ಕೋಣೆ, ಬಾಗುಮರದ ಕುರ್ಚಿಗಳು, ಇಸ್ತ್ರಿಯ ಮಡಿಕೆ ಇನ್ನೂ ಕಾಣುವ ಬಿಳಿ ಮೇಜುಬಟ್ಟೆ, ಸೂರಿನಿಂದ ಇಳಿಬಿದ್ದ ಗ್ಯಾಸ್ ದೀಪಗಳು. ಬಲಗಡೆಯ ಮೂಲೆಯ ಮೇಜಿನ ಮೇಲೆ ಯಾರೋ ಶಾಯಿಯಲ್ಲಿ ಒಂದು ಕತ್ತರಿ ಗುರುತು ಹಾಕಿದ್ದಾರೆ: ನಾವು ಕೂತದ್ದು ಇಲ್ಲಿ ಎಂದು ತೋರಿಸಲು. ಇಂಥ ಗುರುತಿದ್ದರೆ ಕಾರ್ಡು ಕೆಟ್ಟಿತು ಎಂದು ಕೆಲವರು ಬದಿಗಿಡುತ್ತಾರೆ. ನನ್ನ ಪ್ರಕಾರ ಅದೇ ಅದರ ಜೀವ. ಗುರುತಿನ ಮೇಲೆ ಭೂತಗನ್ನಡಿ ಇಟ್ಟು ನೋಡಿದರೆ ಪಕ್ಕದ ಗೋಡೆಗೆ ಒರಗಿಸಿದ ದರಪಟ್ಟಿಯ ಅಂಚು ಕಾಣುತ್ತದೆ, ಅದರ ತಲೆಯಲ್ಲಿ ಅಂಗಡಿಯ ಹೆಸರಿನ ಕೊನೆಯ ನಾಲ್ಕು ಅಕ್ಷರ. ಮುದ್ರೆಯ ಊರಿನ ಹಳೆಯ ವ್ಯಾಪಾರಿಗಳ ಡೈರೆಕ್ಟರಿಯೊಂದಿಗೆ ಆ ನಾಲ್ಕಕ್ಷರ ಹೋಲಿಸಿ ನೋಡುವುದೇ ಮುಂದಿನ ಕೆಲಸ.

ಕೋಣೆಯಲ್ಲಿ ಒಬ್ಬರೂ ಇಲ್ಲವಲ್ಲ, ವ್ಯಾಪಾರವೇ ಇರಲಿಲ್ಲವೇ ಎನಿಸಬಹುದು. ಕಾರಣ ಕ್ಯಾಮೆರಾ. ಆಗಿನ ಗಾಜಿನ ಪ್ಲೇಟುಗಳಿಗೆ ಒಳಾಂಗಣದ ಬೆಳಕು ಸಾಲದು. ಹತ್ತಿರದ ಕುರ್ಚಿಯಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ಸ್ಪಷ್ಟ ಬರಬೇಕೆಂದರೆ ಲೆನ್ಸಿನ ರಂಧ್ರವನ್ನು ಚಿಕ್ಕದು ಮಾಡಿ, ಬೆಳಕನ್ನು ಸೆಕೆಂಡುಗಟ್ಟಲೆ, ಕೆಲವೊಮ್ಮೆ ನಿಮಿಷಗಟ್ಟಲೆ ಬಿಡಬೇಕಿತ್ತು. ಗಿರಾಕಿ ಟೀ ಕಪ್ಪು ಎತ್ತಿದರೆ ಮಂಜು ಮಂಜಾಗಿ ಬೀಳುತ್ತಿದ್ದ. ಅದಕ್ಕೇ ಮೇಜು ಅಣಿಮಾಡಿ, ಬಾಗಿಲು ತೆಗೆಯುವ ಮುನ್ನವೇ ಚಿತ್ರ ತೆಗೆಯುತ್ತಿದ್ದರು. ಪರಿಚಾರಿಕೆಯರು ಇದ್ದರೂ ಗೋಡೆಗೆ ಒರಗಿ ಅಲ್ಲಾಡದೆ ನಿಂತಿರುತ್ತಾರೆ. ಕಿಟಕಿಗಳ ಸುತ್ತ ಹಬ್ಬಿದ ಬಿಳಿ ಹೊಳಪೂ ಈ ದೀರ್ಘ ಬೆಳಕಿನದೇ ಫಲ.

ಲಯನ್ಸ್ ಕಾರ್ಡುಗಳಲ್ಲಿ ಗುರುತು ಹಿಡಿಯುವುದು ಸುಲಭ. ಮೊದಲ ಅಂಗಡಿ 1894ರಲ್ಲಿ ಪಿಕಡಿಲ್ಲಿಯಲ್ಲಿ ತೆರೆಯಿತು, ಕೋವೆಂಟ್ರಿ ಸ್ಟ್ರೀಟಿನ ಕಾರ್ನರ್ ಹೌಸ್ 1909ರಲ್ಲಿ. ಪರಿಚಾರಿಕೆಯ ಎದೆಯ ಮೇಲೆ ಗುಂಡಿಗಳ ಸಾಲು, ಟೋಪಿಯಲ್ಲಿ ‘ಎಲ್’ ಅಕ್ಷರ ಇದ್ದರೆ ಅವಳು ‘ನಿಪ್ಪಿ’; ಲಯನ್ಸ್ ಪರಿಚಾರಿಕೆಯರಿಗಿದ್ದ ಅಡ್ಡಹೆಸರು ಅದು. ಕಾರ್ಡು 1920ರ ದಶಕದ ನಡುವಿನ ಅಥವಾ ಆಮೇಲಿನದು. ಗಂಡಸರ ಜೊತೆಯಿಲ್ಲದೆ ಹೆಂಗಸರು ಮರ್ಯಾದೆಯಿಂದ ಕೂತು ತಿನ್ನಬಹುದಾದ ಜಾಗಗಳು ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೀರಾ ಕಡಿಮೆ. ಟೀ ರೂಮು ಅಂಥದ್ದೊಂದು. ಮತದಾನದ ಹಕ್ಕಿಗಾಗಿ ಹೋರಾಡಿದವರು ಅಲ್ಲಿ ಸಭೆ ಸೇರುತ್ತಿದ್ದರು. ಅಂಥವರ ಕೈಬರಹವೂ ಇರಬಹುದಾದ ಒಕ್ಕಣೆಗಳನ್ನು ಓದದೆ ಚಿತ್ರವನ್ನಷ್ಟೇ ಜೋಡಿಸಿಡುವುದು ಅದಕ್ಕೇ ದೊಡ್ಡ ನಷ್ಟ.

ನಕಲಿನ ಮಾತಿಗೆ ಬಂದರೆ ಗ್ಲಾಸ್ಗೋ ನೆನಪಾಗುತ್ತದೆ. ಕೇಟ್ ಕ್ರಾನ್‌ಸ್ಟನ್ ಅವರ ವಿಲ್ಲೋ ಟೀ ರೂಮ್ಸ್ ಸಾಕಿಹಾಲ್ ಸ್ಟ್ರೀಟಿನಲ್ಲಿ 1903ರಲ್ಲಿ ತೆರೆಯಿತು. ಕಟ್ಟಡದಿಂದ ಹಿಡಿದು ಎತ್ತರ ಬೆನ್ನಿನ ಕುರ್ಚಿಗಳವರೆಗೆ ವಿನ್ಯಾಸ ಚಾರ್ಲ್ಸ್ ರೆನೀ ಮ್ಯಾಕಿಂಟಾಶ್ ಅವರದು. ಆ ಕೋಣೆಗಳ ಚಿತ್ರ ಇವತ್ತಿಗೂ ಹೊಸ ಕಾರ್ಡುಗಳ ಮೇಲೆ ಅಚ್ಚಾಗುತ್ತದೆ, ಅವು ಹಳೆಯವೆಂದು ಕೈ ಬದಲಾಗುವುದೂ ಉಂಟು. ಪರೀಕ್ಷೆ ಹೀಗೆ: ‘ನಿಜ ಫೋಟೋ’ ಎಂದು ಮಾರಿದ ಕಾರ್ಡಿನಲ್ಲಿ ಭೂತಗನ್ನಡಿಗೆ ಸಾಲುಸಾಲು ಚುಕ್ಕಿ ಕಂಡರೆ ಅದು ಅಚ್ಚಿನದು. ಫೋಟೋ ಕಾಗದದಲ್ಲಿ ಕಪ್ಪು ಬಿಳಿ ನಡುವೆ ಚುಕ್ಕಿಯೇ ಇರುವುದಿಲ್ಲ. ಕಪ್ಪು ಭಾಗವನ್ನು ಓರೆಯಾಗಿ ಹಿಡಿದಾಗ ಬೆಳ್ಳಿಯ ಹೊಳಪು ಬಂದರೆ ಹಳೆಯದೆಂಬುದಕ್ಕೆ ಒಳ್ಳೆಯ ಲಕ್ಷಣ. ಕತ್ತಲಲ್ಲಿ ಯುವಿ ಟಾರ್ಚು ಬಿಟ್ಟಾಗ ಕಾಗದ ನೀಲಿ ಬಿಳುಪಾಗಿ ಹೊಳೆದರೆ, ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದ ಬಿಳುಪುಕಾರಕ ಅದರಲ್ಲಿದೆ. ಕೊನೆಗೆ ಅಳತೆ. ಪೂರ್ಣ ಕಾರ್ಡು ಸುಮಾರು 140 ಮಿ.ಮೀ. ಉದ್ದ, 89 ಮಿ.ಮೀ. ಅಗಲ, ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಸಹಜ. ನಾಲ್ಕೈದು ಕಡಿಮೆಯಿದ್ದರೆ ಆಲ್ಬಮ್ಮಿಗಾಗಿ ಅಂಚು ಕತ್ತರಿಸಿರುತ್ತಾರೆ.

ಚಳಿ ದೇಶದ ಕಾಗದ ನಮ್ಮ ಮಲೆನಾಡು, ಕರಾವಳಿಗೆ ಬಂದಾಗ ನಿಜವಾದ ಪರೀಕ್ಷೆ. ಮಳೆಗಾಲದ ತೇವಕ್ಕೆ ಫೋಟೋ ಕಾರ್ಡಿನ ಜೆಲಟಿನ್ ಪದರ ಉಬ್ಬಿ, ಎದುರಿನ ಪ್ಲಾಸ್ಟಿಕ್ಕಿಗೆ ಅಂಟಿ, ಬಿಡಿಸುವಾಗ ಚಿತ್ರವೇ ಕಿತ್ತುಬರುತ್ತದೆ. ಅಂಟಿದ್ದನ್ನು ಎಳೆಯಬೇಡಿ, ನೀರಲ್ಲೂ ನೆನೆಸಬೇಡಿ. ಒಣಹವೆ ಬರುವವರೆಗೆ ಹಾಗೇ ಬಿಡಿ. ಪಿವಿಸಿ ಚೀಲ ಬೇಡ, ಅದರಿಂದ ಜಿಡ್ಡು ಒಸರುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಬಹುದು. ಅಂಟು ಹಾಳೆಯ ಆಲ್ಬಮ್ಮಂತೂ ಬೇಡವೇ ಬೇಡ. ಕಾರ್ಡುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ನಿಲ್ಲಿಸಿ, ತೀರ ಒತ್ತದೆ ಇಡಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆಗಿರಲಿ. ಹೊರಗೋಡೆಗೆ ಅಂಟಿದ ಬೀರು ತಣ್ಣಗಾಗಿ ಬೆವರುತ್ತದೆ, ಡಬ್ಬಿ ಅಲ್ಲಿರಬಾರದು. ಟಿಪ್ಪಣಿ ಬರೆಯುವುದು ಕಾರ್ಡಿನ ಮೇಲಲ್ಲ, ಜೊತೆಗಿಟ್ಟ ಆಮ್ಲರಹಿತ ಚೀಟಿಯ ಮೇಲೆ, ಪೆನ್ಸಿಲ್ಲಿನಲ್ಲಿ. ಮುಂದು, ಬೆನ್ನು ಎರಡನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಟ್ಟರೆ, ಒಕ್ಕಣೆ ಓದಲು ಮತ್ತೆ ಮತ್ತೆ ಕಾರ್ಡು ಮುಟ್ಟುವ ಅಗತ್ಯವೇ ಬರುವುದಿಲ್ಲ.