ಡಂಕನ್‌ಗೆ 14ನೇ ಜಾಗವಾ?

ಬಿಲ್ ರಸೆಲ್ 9. ಟಿಮ್ ಡಂಕನ್ 14. ಹಕೀಮ್ ಒಲಾಜುವಾನ್ 17. ಟಿವಿಯಲ್ಲಿ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಪಂದ್ಯಗಳಿಗೆ ಕಾಮೆಂಟರಿ ಹೇಳುವ ಒಬ್ಬರು ಎಲ್ಲ ಕಾಲದ ದೊಡ್ಡ ಆಟಗಾರರು ಅಂತ ಇಪ್ಪತ್ತು ಹೆಸರುಗಳ ಪಟ್ಟಿ ಬಿಟ್ಟಿದ್ದಾರೆ, ಅದರಲ್ಲಿ ಇವರಿಗೆ ಸಿಕ್ಕ ಜಾಗ ಇದು. ನೋಡಿದಾಗಿನಿಂದ ಮೈ ಉರಿಯುತ್ತಿದೆ. ನನಗೊಬ್ಬನಿಗೇ ಅಲ್ಲ. ತುಮಕೂರಿನಲ್ಲಿ ಬಾಸ್ಕೆಟ್‌ಬಾಲ್ ನೋಡುವವರು ಕಡಿಮೆ ನಿಜ, ಆದರೆ ನೋಡುವವರು ಜೀವ ಬಿಟ್ಟು ನೋಡುತ್ತಾರೆ. ಜೂನ್‌ನಲ್ಲಿ ಫೈನಲ್ಸ್ ಪಂದ್ಯ ಶುರುವಾಗುವುದು ನಮಗೆ ಬೆಳಿಗ್ಗೆ ಆರರ ಹೊತ್ತಿಗೆ. ಅರ್ಧ ಮನೆಯಲ್ಲಿ, ಇನ್ನರ್ಧ ಬೆಂಗಳೂರಿನ ಟ್ರೇನ್‌ನಲ್ಲಿ ಮೊಬೈಲ್ ಹಿಡಿದುಕೊಂಡು. ಈ ಪಟ್ಟಿ ಬಂದ ಮೇಲೆ ಆ ಟ್ರೇನ್‌ನಲ್ಲಿ ಬೇರೆ ಮಾತೇ ಇಲ್ಲ. ಕ್ಯಾತ್ಸಂದ್ರದಲ್ಲಿ ಶುರುವಾದ ವಾದ ಯಶವಂತಪುರ ಬಂದರೂ ಮುಗಿಯುವುದಿಲ್ಲ.

ಪಟ್ಟಿ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಲಿ. ಅವರವರ ಇಷ್ಟ ಅವರವರಿಗೆ. ನನ್ನ ತಕರಾರು ಬೇರೆ. ಅವರು ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಹಾಕಿದ್ದಾರೆ, ಸಂತೆಯಲ್ಲಿ ಗಿರಾಕಿ ಮುಖ ನೋಡಿ ತೂಕದ ಕಲ್ಲು ಬದಲಾಯಿಸಿದ ಹಾಗೆ.

ಮೈಕಲ್ ಜೋರ್ಡನ್‌ಗೆ ಮೊದಲ ಸ್ಥಾನ ಯಾಕೆ ಅಂದರೆ ಆರು ಚಾಂಪಿಯನ್‌ಶಿಪ್ ಅಂದರು. ಒಪ್ಪಿದೆ. ಹಾಗಾದರೆ ರಸೆಲ್ 13 ಸೀಸನ್ ಆಡಿ 11 ಗೆದ್ದಿದ್ದಾರಲ್ಲ? ಅದಕ್ಕೆ, ಆಗ ಟೀಮುಗಳೇ ಕಡಿಮೆ ಇದ್ದವು, ರಸೆಲ್ ಜಾಸ್ತಿ ಪಾಯಿಂಟ್ ಹೊಡೆಯುತ್ತಿರಲಿಲ್ಲ ಅಂದರು. ಸರಿ, ಪಾಯಿಂಟೇ ಲೆಕ್ಕ ಅಂತಾದರೆ ವಿಲ್ಟ್ ಚೇಂಬರ್ಲೇನ್ 1961-62ರಲ್ಲಿ ಪಂದ್ಯಕ್ಕೆ 50.4 ಸರಾಸರಿ ಇಟ್ಟಿದ್ದರು, ಅದೇ ಸೀಸನ್‌ನಲ್ಲಿ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದರು, ಅವರು ಮೇಲಿರಬೇಕಲ್ವಾ? ಇಲ್ಲವಂತೆ, ಅವರ ಹತ್ತಿರ ಇರುವುದು ಎರಡೇ ಚಾಂಪಿಯನ್‌ಶಿಪ್ ಅಂತೆ! ರಸೆಲ್‌ನ ಇಳಿಸುವಾಗ ಪಾಯಿಂಟ್, ವಿಲ್ಟ್‌ನ ಇಳಿಸುವಾಗ ಚಾಂಪಿಯನ್‌ಶಿಪ್. ಇಬ್ಬರೂ ಒಂದೇ ಕಾಲದಲ್ಲಿ, ಎದುರು ಬದುರು ನಿಂತು ಆಡಿದವರು. ಆಗ ಎಂವಿಪಿ, ಅಂದರೆ ಸೀಸನ್‌ನ ಅತ್ಯುತ್ತಮ ಆಟಗಾರ, ಯಾರು ಅಂತ ಆಟಗಾರರೇ ಓಟು ಹಾಕುತ್ತಿದ್ದರು. ವಿಲ್ಟ್ 50 ಸರಾಸರಿ ಇಟ್ಟ ಆ ಸೀಸನ್‌ನಲ್ಲೂ ಎಂವಿಪಿ ಆಗಿದ್ದು ರಸೆಲ್. ಇಬ್ಬರ ಜೊತೆಗೂ ಮೈಗೆ ಮೈ ತಾಗಿಸಿ ಆಡಿದವರು ಕೊಟ್ಟ ತೀರ್ಪು ಅದು. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ಮಾತು ಹೇಳಿದರು, ಅದು ಕೇಳಿದರೆ ಜಾಸ್ತಿ ಸಿಟ್ಟು ಬರುತ್ತದೆ. ರಸೆಲ್‌ಗೆ ಒಂದೂ ಫೈನಲ್ಸ್ ಎಂವಿಪಿ (ಫೈನಲ್ಸ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿ) ಇಲ್ಲವಂತೆ. ಆ ಪ್ರಶಸ್ತಿ ಶುರುವಾಗಿದ್ದೇ 1969ರಲ್ಲಿ, ರಸೆಲ್ ಆಡಿದ ಕೊನೆಯ ಸೀಸನ್‌ನಲ್ಲಿ. ಆ ವರ್ಷ ರಸೆಲ್‌ನ ಬಾಸ್ಟನ್ ಗೆದ್ದಿತು, ಪ್ರಶಸ್ತಿ ಸೋತ ಟೀಮಿನ ಜೆರಿ ವೆಸ್ಟ್‌ಗೆ ಹೋಯಿತು. 2009ರಲ್ಲಿ ಎನ್‌ಬಿಎ ಆ ಪ್ರಶಸ್ತಿಗೆ ರಸೆಲ್ ಹೆಸರನ್ನೇ ಇಟ್ಟಿದೆ. ಇದನ್ನು ಹೇಳದೆ ಬರೀ ಸೊನ್ನೆ ಅಂತ ಹೇಳಿದರೆ ಹೊಸದಾಗಿ ನೋಡುವವರಿಗೆ ಏನು ಅರ್ಥವಾಗುತ್ತದೆ? ರಸೆಲ್‌ನ ನಿಜವಾದ ಕೆಲಸ ಬ್ಲಾಕ್ ಮಾಡುವುದು, ಅಂದರೆ ಎದುರಿನವರು ಎಸೆದ ಬಾಲ್ ಬಾಸ್ಕೆಟ್‌ಗೆ ಹೋಗದಂತೆ ತಡೆಯುವುದು. ಎನ್‌ಬಿಎ ಬ್ಲಾಕ್ ಎಣಿಸಲು ಶುರು ಮಾಡಿದ್ದು 1973-74ರಲ್ಲಿ. ಅಷ್ಟೊತ್ತಿಗೆ ಅವರು ಆಟ ಬಿಟ್ಟು ವರ್ಷಗಳೇ ಆಗಿದ್ದವು. ಹಾಗಾಗಿ ಅವರು ಅತ್ಯಂತ ಚೆನ್ನಾಗಿ ಮಾಡಿದ ಕೆಲಸಕ್ಕೆ ಪುಸ್ತಕದಲ್ಲಿ ಅಂಕಿಯೇ ಇಲ್ಲ. ಅಂಕಿ ಇಲ್ಲದ್ದನ್ನು ಹೇಳಿ ತಿಳಿಸುವುದಕ್ಕೇ ಅಲ್ವಾ ಕಾಮೆಂಟೇಟರ್ ಇರುವುದು?

ಈಗ ಡಂಕನ್ ವಿಷಯಕ್ಕೆ ಬರುತ್ತೇನೆ. ಐದು ಚಾಂಪಿಯನ್‌ಶಿಪ್: 1999, 2003, 2005, 2007, 2014. ಮೊದಲನೆಯದಕ್ಕೂ ಕೊನೆಯದಕ್ಕೂ 15 ವರ್ಷದ ಅಂತರ. ಎರಡು ಎಂವಿಪಿ, ಮೂರು ಫೈನಲ್ಸ್ ಎಂವಿಪಿ. ಅವರು ಬರುವ ಹಿಂದಿನ ಸೀಸನ್‌ನಲ್ಲಿ ಅವರ ಟೀಮು ಸ್ಯಾನ್ ಆಂಟೋನಿಯೋ ಗೆದ್ದಿದ್ದು 20 ಪಂದ್ಯ, ಬಂದ ಸೀಸನ್‌ನಲ್ಲಿ 56. ಗಾಯಗೊಂಡಿದ್ದ ಅದೇ ಟೀಮಿನ ಡೇವಿಡ್ ರಾಬಿನ್ಸನ್ ವಾಪಸ್ ಬಂದಿದ್ದೂ ಅದಕ್ಕೆ ಕಾರಣ, ಅದನ್ನೂ ಹೇಳಬೇಕು. ಆದರೆ ಮುಂದೆ ರಾಬಿನ್ಸನ್ ಹೋದ ಮೇಲೂ ಟೀಮು ಕುಸಿಯಲಿಲ್ಲ. ಡಂಕನ್ ಆಡಿದ 19 ಸೀಸನ್‌ಗಳಲ್ಲೂ ಟೀಮು ಪ್ಲೇಆಫ್ (ಸೀಸನ್ ಮುಗಿದ ಮೇಲೆ ಕಪ್‌ಗಾಗಿ ಆಡುವ ಸುತ್ತು) ಮುಟ್ಟಿತು, ಒಂದು ವರ್ಷವೂ ತಪ್ಪಿಲ್ಲ. 2003ರ ಫೈನಲ್ಸ್‌ನ ಆರನೇ ಪಂದ್ಯ ಹುಡುಕಿ ನೋಡಿ. 21 ಪಾಯಿಂಟ್, 20 ರಿಬೌಂಡ್ (ಗುರಿ ತಪ್ಪಿ ಬಂದ ಬಾಲ್ ಹಿಡಿದಿದ್ದು), 10 ಅಸಿಸ್ಟ್ (ಜೊತೆಯವರು ಪಾಯಿಂಟ್ ಹೊಡೆಯಲು ಕೊಟ್ಟ ಪಾಸ್), 8 ಬ್ಲಾಕ್. ಕಪ್ ಗೆದ್ದ ಪಂದ್ಯ ಅದು.

ಇಷ್ಟೆಲ್ಲ ಇದ್ದರೂ 14 ಯಾಕೆ? ಆಟ ನೋಡುವುದಕ್ಕೆ ಬೋರ್ ಅಂತೆ. ಕೂಗಾಡುತ್ತಿರಲಿಲ್ಲ, ಎದೆ ಬಡಿದುಕೊಳ್ಳುತ್ತಿರಲಿಲ್ಲ, ಬೋರ್ಡಿಗೆ ತಾಗಿಸಿ ಸುಮ್ನೆ ಬಾಲ್ ಹಾಕಿ ವಾಪಸ್ ಓಡುತ್ತಿದ್ದರು. ವರ್ಷದಲ್ಲಿ ಡಿಫೆನ್ಸ್ ಚೆನ್ನಾಗಿ ಆಡಿದವರನ್ನು ಹೆಸರಿಸುವ ಆಲ್-ಡಿಫೆನ್ಸಿವ್ ಟೀಮಿಗೆ ಅವರನ್ನು 15 ಸಲ ಆರಿಸಿದ್ದಾರೆ, ಅಷ್ಟು ಸಲ ಬೇರೆ ಯಾರನ್ನೂ ಆರಿಸಿಲ್ಲ. ಅಂಥವರಿಗೆ ವರ್ಷದ ಡಿಫೆನ್ಸ್ ಆಟಗಾರ ಪ್ರಶಸ್ತಿ ಒಂದು ಸಲವೂ ಸಿಗಲಿಲ್ಲ. ಆಗಲೂ ಜನ ಗಮನಿಸಲಿಲ್ಲ, ಈಗಲೂ ಗಮನಿಸುತ್ತಿಲ್ಲ.

ಹಕೀಮ್ ಬಗ್ಗೆ ಒಂದೇ ಮಾತು. ಎಂವಿಪಿ, ವರ್ಷದ ಡಿಫೆನ್ಸ್ ಆಟಗಾರ, ಫೈನಲ್ಸ್ ಎಂವಿಪಿ ಈ ಮೂರನ್ನೂ ಒಂದೇ ಸೀಸನ್‌ನಲ್ಲಿ ಗೆದ್ದವರು ಅವರೊಬ್ಬರೇ, 1993-94ರಲ್ಲಿ. ಜೋರ್ಡನ್‌ಗೂ ಆಗಿಲ್ಲ.

ಇದು ಈ ಒಬ್ಬ ಕಾಮೆಂಟೇಟರ್‌ದಷ್ಟೇ ಕಥೆಯೂ ಅಲ್ಲ. 2021ರಲ್ಲಿ ಎನ್‌ಬಿಎ 75 ವರ್ಷಕ್ಕೆ ಅಂತ ದೊಡ್ಡ ಆಟಗಾರರನ್ನು ಆರಿಸಿತು, ಓಟು ಸಮ ಬಂದು ಹೆಸರುಗಳು 76 ಆದವು. ಅದರಲ್ಲೂ ಡ್ವೈಟ್ ಹೊವಾರ್ಡ್ ಇಲ್ಲ. 2009, 2010, 2011, ಮೂರು ವರ್ಷ ಬಿಡದೆ ಡಿಫೆನ್ಸ್ ಪ್ರಶಸ್ತಿ ಗೆದ್ದವರು. ಡಿಫೆನ್ಸ್ ಆಡಿದವರಿಗೆ ಯಾವಾಗಲೂ ಹೀಗೆಯೇ ಆಗುತ್ತದೆ.

ಅಮೆರಿಕದ ಪಟ್ಟಿಗೆ ನಾವು ತುಮಕೂರಿನಲ್ಲಿ ಕೂತು ಯಾಕೆ ಕೊರಗಬೇಕು ಅಂತ ಮನೆಯಲ್ಲಿ ಕೇಳುತ್ತಾರೆ. ಯಾಕೆ ಅಂದರೆ ಇಲ್ಲಿ ಆಡುವ ಹುಡುಗರು ಆಟ ಕಲಿಯುತ್ತಿರುವುದೇ ಇಂಥ ಪಟ್ಟಿ ಮತ್ತು ಸಣ್ಣ ಸಣ್ಣ ಕ್ಲಿಪ್ ನೋಡಿ. ಬೆಳಿಗ್ಗೆ ಟ್ಯೂಷನ್ ಇರುತ್ತದೆ, ಪೂರ್ತಿ ಪಂದ್ಯ ನೋಡಲು ಅವರಿಗೆ ಟೈಮ್ ಎಲ್ಲಿದೆ? ಮೊನ್ನೆ ಸಂಜೆ ಕೋರ್ಟ್‌ನಲ್ಲಿ ಒಬ್ಬ ಹುಡುಗ ಕೇಳಿದ, “ಅಣ್ಣಾ, ರಸೆಲ್ ಪಾಯಿಂಟೇ ಹೊಡೀತಿರ್ಲಿಲ್ವಂತೆ, ಮತ್ತೆ ಹೆಂಗೆ ದೊಡ್ಡ ಪ್ಲೇಯರ್ರು?” ಅವನು ಒಳ್ಳೆ ಎತ್ತರ ಇದ್ದಾನೆ, ಕೈ ಉದ್ದ ಇದೆ, ಬಾಸ್ಕೆಟ್ ಕೆಳಗೆ ನಿಂತರೆ ಎದುರಿನವರು ಒಳಗೆ ಬರಲು ಹೆದರುತ್ತಾರೆ. ಆದರೆ ಅವನಿಗೆ ಅಲ್ಲಿ ನಿಲ್ಲಲು ಇಷ್ಟವಿಲ್ಲ, ಹೊರಗೆ ಹೋಗಿ ತ್ರೀ ಪಾಯಿಂಟರ್ ಹೊಡೆಯಬೇಕು. ಬಾಕ್ಸ್ ಔಟ್ ಮಾಡೋ (ರಿಬೌಂಡ್‌ಗೆ ಎದುರಿನವನನ್ನು ಬೆನ್ನಿನಿಂದ ತಡೆದು ನಿಲ್ಲೋ) ಅಂದರೆ ಬೇಜಾರು. ಅವನದು ತಪ್ಪಲ್ಲ. ಆ ಕೆಲಸ ಮಾಡಿದವರನ್ನು ಯಾರೂ ಹೊಗಳಿದ್ದನ್ನು ಅವನು ಕೇಳಿಯೇ ಇಲ್ಲ. ನನ್ನ ಫೋನಿನಲ್ಲಿ 2003ರ ಆ ಪಂದ್ಯ ಹಾಕಿ ತೋರಿಸಿದೆ. ಪೂರ್ತಿ ನೋಡಲಿಲ್ಲ, ಆದರೆ ನಾಲ್ಕನೇ ಕ್ವಾರ್ಟರ್ ನೋಡಿದ.

ನನ್ನ ಲೆಕ್ಕ ಏನು ಅಂತ ಕೇಳುವವರಿಗೆ: ಕೋರ್ಟಿನ ಎರಡೂ ಕಡೆ ಎಷ್ಟು ಕೆಲಸ ಮಾಡಿದರು, ಎಷ್ಟು ವರ್ಷ ಮಾಡಿದರು, ಅವರು ಇದ್ದಾಗ ಟೀಮು ಎಷ್ಟು ಗೆದ್ದಿತು. ಎಲ್ಲರಿಗೂ ಇದೇ ಲೆಕ್ಕ. ಅದರ ಪ್ರಕಾರ ಜೋರ್ಡನ್, ಕರೀಂ ಅಬ್ದುಲ್ ಜಬ್ಬಾರ್, ರಸೆಲ್, ಲೆಬ್ರಾನ್, ಡಂಕನ್, ಆರನೆಯವರು ಹಕೀಮ್. ಒಪ್ಪದಿದ್ದರೆ ಕಾಮೆಂಟ್‌ನಲ್ಲಿ ಹೇಳಿ, ಆದರೆ ಹೆಸರು ಬರೆಯುವ ಮೊದಲು ನಿಮ್ಮ ಲೆಕ್ಕ ಏನು ಅಂತ ಬರೆಯಿರಿ.